ಹದಿನೇಳನೇ ಕಲಂ

ಅಮ್ಮನ ಬೀಗದ ಕೈ ಗೊಂಚಲಿನಲ್ಲಿ ಏಳು ಕೈಗಳಿವೆ. ಐದು ಯಾವುದರದ್ದೆಂದು ನಮಗೆ ಗೊತ್ತು: ಮುಂಬಾಗಿಲು, ಕಪಾಟು, ಕಪಾಟಿನೊಳಗಿನ ತಿಜೋರಿ, ದೇವರ ಮಂಟಪದ ಕೆಳಗಿನ ಪೆಟ್ಟಿಗೆ, ಬ್ಯಾಂಕಿನ ಲಾಕರು. ಉಳಿದ ಎರಡನ್ನು ಅಕ್ಕ ಮನೆಯ ಎಲ್ಲ ಬೀಗಗಳಿಗೂ ಹಾಕಿ ನೋಡುತ್ತಿದ್ದಾಳೆ. ಯಾವುದಕ್ಕೂ ಕೂಡುವುದಿಲ್ಲ. "ಇರಲಿ, ಬಿಸಾಡುವುದು ಬೇಡ," ಎಂದು ಮತ್ತೆ ಗೊಂಚಲಿಗೇ ಪೋಣಿಸುತ್ತಾಳೆ.

2024ರ ಜುಲೈ. ದಹಿಸರ್ ಪೂರ್ವ, ಮೂರನೇ ಮಹಡಿ. ಬೆಳಗಿನಿಂದ ಮಳೆ ಬಿಟ್ಟಿಲ್ಲ. ಮೀರಾ ರೋಡಿನಿಂದ ಇಲ್ಲಿಗೆ ಒಂದೇ ಸ್ಟೇಷನ್ನು, ಆದರೂ ನನ್ನ ಪ್ಯಾಂಟು ಮೊಣಕಾಲ ತನಕ ಒದ್ದೆ. ಹೈವೇಯ ಗದ್ದಲ ಗ್ರಿಲ್ಲಿನೊಳಗಿಂದ ಬರುತ್ತಲೇ ಇದೆ. ನಡುನಡುವೆ ಮೇಲಿನಿಂದ ಮೆಟ್ರೋ ಸರಿದು ಹೋಗುತ್ತದೆ. ಗ್ರಿಲ್ಲಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪ ಕೂತಿದ್ದಾರೆ. ಮಡಿಲಲ್ಲಿ ಕನ್ನಡ ಪೇಪರು. ಅದು ಇವತ್ತಿನದ್ದಲ್ಲ, ಅಮ್ಮನ ಉತ್ತರಕ್ರಿಯೆಯ ಜಾಹೀರಾತು ಬಂದ ದಿನದ್ದು. ಅಮ್ಮನ ಫೋಟೋ ಮೇಲೆ ಬರುವ ಹಾಗೆ ಮಡಚಿದ್ದಾರೆ.

ಗೋಡೆಯ ಮೇಲೆ ಕನ್ನಡದ ಕಾಲನಿರ್ಣಯ ಕ್ಯಾಲೆಂಡರು ಇನ್ನೂ ಜೂನಿನಲ್ಲೇ ಇದೆ. ಹಾಲಿನ ಲೆಕ್ಕ ಒಂಬತ್ತನೇ ತಾರೀಕಿನ ತನಕ ಅಮ್ಮನ ಕೈಯದ್ದು, ಒಂದೊಂದು ಮನೆಯಲ್ಲೂ ಪೆನ್ಸಿಲಿನಲ್ಲಿ ಪುಟ್ಟದಾಗಿ "1". ಹತ್ತರ ಮನೆ ಖಾಲಿ. ಆ ಹಾಳೆ ತಿರುಗಿಸಲು ನಮ್ಮಲ್ಲಿ ಯಾರಿಗೂ ಕೈ ಬಂದಿಲ್ಲ.

ಅಕ್ಕ ನೆಲಕ್ಕೆ ಬೆಡ್‌ಶೀಟು ಹಾಸಿದ್ದಾಳೆ. ಕಪಾಟಿನಿಂದ ನುಸಿಗುಳಿಗೆಯ ವಾಸನೆ, ಅದರ ಬೆನ್ನಿಗೆ ಅಮ್ಮನ ಸೀರೆಗಳ ವಾಸನೆ. ತಿಜೋರಿಯಿಂದ ಬಂದದ್ದೆಲ್ಲ ಒಂದೊಂದಾಗಿ ಬೆಡ್‌ಶೀಟಿನ ಮೇಲೆ ಸಾಲಾಗುತ್ತದೆ. ಸೊಸೈಟಿಯ ಷೇರು ಪತ್ರ, 50 ರೂಪಾಯಿಯ ಐದು ಷೇರು. 1988ರ ಖರೀದಿ ಕರಾರು. ಸಾಲ ತೀರಿದೆ ಎಂದು ಸಹಕಾರಿ ಬ್ಯಾಂಕು ಕೊಟ್ಟ ಪತ್ರ. ಮೂರು ಪಾಸ್‌ಬುಕ್ಕು. ಹಳದಿಯಾದ ಒಂದು ಲಕೋಟೆಯಲ್ಲಿ ಅದೇ 1988ರಲ್ಲಿ ಚಿನ್ನ ಮಾರಿದ ಚೀಟಿ. ಅಜ್ಜಿ ಮದುವೆಗೆ ಕೊಟ್ಟಿದ್ದ ಬಳೆ, ಸರ. ಮೊದಲ ಕಂತು ಕಟ್ಟಿದ್ದು ಅದರಿಂದ. ಉಳಿದ ಕಂತುಗಳು ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕೂತು ದುಡಿದ ಸಂಬಳದಿಂದ. ಮನೆ ಮಾತ್ರ ಅಮ್ಮನ ಹೆಸರಿನಲ್ಲಿ. ಅದನ್ನು ಯಾರೂ ಪ್ರಶ್ನಿಸಿದ್ದು ನನಗೆ ನೆನಪಿಲ್ಲ. ನಮ್ಮಲ್ಲಿ ಮನೆ ಹೆಂಗಸಿನದ್ದೇ.

ಉಯಿಲು ಇಲ್ಲ. ಅಕ್ಕ ಸೀರೆಯ ಮಡಿಕೆಗಳೊಳಗೂ ಕೈ ಹಾಕಿ ನೋಡಿದಳು. ಇಲ್ಲ.

"ಹೆಸರು ಹಾಕಿಸಿದ್ದೇನೆ ಅಂತ ಹೇಳಿದ್ದಳಲ್ಲ," ಎಂದು ಅಪ್ಪ ಕುರ್ಚಿಯಿಂದಲೇ ಹೇಳುತ್ತಾರೆ. ಅದು ನಿಜ. ಹತ್ತು ವರ್ಷದ ಹಿಂದೆ ಸೊಸೈಟಿಯಲ್ಲಿ ನಾಮಿನೇಶನ್ ಫಾರ್ಮು ತುಂಬಿಸಿ ಅಕ್ಕನ ಹೆಸರು ಹಾಕಿಸಿದ್ದಳು. ಆ ದಿನ ಸಂಜೆ ಫೋನು ಮಾಡಿ, "ಒಂದು ಭಾರ ಇಳೀತು ಮಾರಾಯ," ಎಂದಿದ್ದಳು. ಅಷ್ಟಕ್ಕೆ ಎಲ್ಲ ಮುಗಿಯಿತೆಂದು ಅವಳು ನಂಬಿದ್ದಳು. ನಾವೂ ನಂಬಿದ್ದೆವು.

ಮರಣ ಪ್ರಮಾಣಪತ್ರದ ಹತ್ತು ಪ್ರತಿಗಳು ಬೇರೆ ಫೈಲಿನಲ್ಲಿವೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಹೋದವರದ್ದಾದರೆ ಆಸ್ಪತ್ರೆಯೇ ಪಾಲಿಕೆಗೆ ತಿಳಿಸುತ್ತದೆ, ನಾವು ವಾರ್ಡ್ ಕಚೇರಿಗೆ ಹೋಗಿ ಪ್ರತಿ ಪಡೆದರಾಯಿತು. ಹತ್ತು ಯಾಕೆ ಎಂದು ಆಗ ಅನಿಸಿತ್ತು. ಈಗ ಏಳು ಖರ್ಚಾಗಿವೆ. ಕಷ್ಟ ಎದುರಾದದ್ದು ಹೆಸರಿನಲ್ಲಿ. ಊರಿನ ಶಾಲೆಯ ಸರ್ಟಿಫಿಕೇಟಿನಲ್ಲಿ ಅಮ್ಮನ ಹೆಸರಿನ ಮುಂದೆ ಮನೆತನದ ಒಂದಕ್ಷರ. ಷೇರು ಪತ್ರದಲ್ಲಿ ಮರಾಠಿ ಪದ್ಧತಿಯಂತೆ ನಡುವೆ ಅಪ್ಪನ ಹೆಸರು, ಕೊನೆಗೆ ಶೆಟ್ಟಿ. ಆಧಾರಿನಲ್ಲಿ ಅಪ್ಪ ಇಲ್ಲ, ಶೆಟ್ಟಿ ಇದೆ. ಒಂದು ಪಾಸ್‌ಬುಕ್ಕಿನಲ್ಲಿ ಶೆಟ್ಟಿಯ ಇಂಗ್ಲಿಷ್ ಕಾಗುಣಿತವೇ ಬೇರೆ. ಈ ನಾಲ್ವರೂ ಒಬ್ಬರೇ ಎಂದು ನಾನು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಬಂದಿದ್ದೇನೆ. ನನ್ನನ್ನು ಹೆತ್ತವಳು ಯಾರೆಂದು ನೋಟರಿಯ ಮುಂದೆ ನಿಂತು ಹೇಳುವಾಗ ಗಂಟಲು ಕಟ್ಟಿತು.

ಬ್ಯಾಂಕಿನ ಮಾತು ಬೇಗ ಮುಗಿಸುತ್ತೇನೆ. ಒಂದು ಖಾತೆ ಅಪ್ಪ-ಅಮ್ಮ ಇಬ್ಬರದ್ದು, "ಇಬ್ಬರಲ್ಲೊಬ್ಬರು ಅಥವಾ ಉಳಿದವರು" ಎಂಬ ಷರತ್ತಿನದ್ದು, ಒಂದೇ ವಾರದಲ್ಲಿ ಸರಿಯಾಯಿತು. ಇನ್ನೊಂದಕ್ಕೆ ನಾಮಿನಿ ಇದ್ದರೂ ಕೋರ್ಟಿನ ವಾರಸು ಪತ್ರ ತನ್ನಿ ಎಂದು ಮೂರು ಸಲ ತಿರುಗಿಸಿದರು. ನಾಮಿನಿ ಇರುವ ಠೇವಣಿಗೆ ಹಾಗೆ ಒತ್ತಾಯಿಸಬಾರದೆಂದು ರಿಸರ್ವ್ ಬ್ಯಾಂಕು 2005ರಲ್ಲೇ ಹೇಳಿದೆ. ಆ ಸುತ್ತೋಲೆಯ ಪ್ರತಿಯನ್ನು ಅಕ್ಕ ಮೇಜಿನ ಮೇಲಿಟ್ಟ ಮೇಲೆ ಕೆಲಸವಾಯಿತು. ಅಮ್ಮ ಹೋದ ಮೂರನೇ ದಿನವೇ ನೆರೆಯವರೊಬ್ಬರು ಕಿವಿಯಲ್ಲಿ ಹೇಳಿದ್ದರು: "ಎಟಿಎಂ ಕಾರ್ಡು ಉಂಟಲ್ಲ, ಮೊದಲು ತೆಗೆದುಬಿಡಿ." ಹಾಗೆ ತೆಗೆಯುವುದು ಕಾನೂನಿಗೂ ವಿರುದ್ಧ, ನಾಳೆ ಮನೆಯವರ ಮನಸ್ಸು ಒಡೆಯುವುದಕ್ಕೂ ದಾರಿ. ಅಕ್ಕ ಒಳಗೆ ಹೋಗಿ ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿ ತಂದು ಅಪ್ಪನ ಕೈಯಲ್ಲಿಟ್ಟಳು.

ಭಾನುವಾರ ಹತ್ತು ಗಂಟೆ. ಸೊಸೈಟಿಯ ಕಚೇರಿ ಮೆಟ್ಟಿಲ ಕೆಳಗಿದೆ, ಒಂದು ಮೇಜು, ಒಂದು ಕಪಾಟು, ನೀರಿನ ಪಂಪಿನ ಗುಂಯ್‌ಗುಡುವಿಕೆ. ಸೆಕ್ರೆಟರಿ ಕಾಕಾ ಅಮ್ಮನ ಫಾರ್ಮನ್ನು ಹುಡುಕಿ ತೆಗೆಯುತ್ತಾರೆ. "ತಾಯಿ, ನಾಮಿನಿ ತೂಚ್ ಆಹೇಸ್ ನಾ? ಮಗ್ ಝಾಲಂ," ಎನ್ನುತ್ತಾರೆ. ನಾಮಿನಿ ನೀನೇ ಅಲ್ಲವಾ, ಮತ್ತೇನು, ಆಯಿತು. ಅವರ ದನಿಯಲ್ಲಿ ಇರುವುದು ಪ್ರೀತಿಯೇ. ಅಮ್ಮ ಪ್ರತಿ ಗಣಪತಿ ಹಬ್ಬಕ್ಕೂ ಅವರ ಮನೆಗೆ ಪತ್ರೊಡೆ ಕಳಿಸುತ್ತಿದ್ದಳು.

ಆದರೆ ಕಾಕಾ ಇನ್ನೊಂದು ಮಾತು ಸೇರಿಸುತ್ತಾರೆ. ಬೇಗ ಮಾಡಿಸಿ. ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಗುವ ಮಾತು ನಡೆದಿದೆ, ನೂರಕ್ಕೆ 51 ಸದಸ್ಯರ ಒಪ್ಪಿಗೆ ಬೇಕು, ಬಿಲ್ಡರು ಬಂದಾಗ ಸಹಿ ಹಾಕುವವರು ಯಾರೆಂದು ನಿಶ್ಚಯವಾಗಿರಬೇಕು. ಈ ನಾನೂರು ಚಿಲ್ಲರೆ ಚದರಡಿಯ ಮನೆ ಹೋಗಿ ದೊಡ್ಡ ಮನೆ ಬರುತ್ತದೆ. ಆ ಮಾತು ಕೇಳುತ್ತಲೇ ನನ್ನ ತಲೆಯಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ನಾನು ಮೀರಾ ರೋಡಿನಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗೆ ಇದ್ದೇನೆ. ಪಕ್ಕದಲ್ಲಿ ನಿಂತ ಅಕ್ಕನ ಮುಖ ನೋಡಲು ಆಗುವುದಿಲ್ಲ.

ಮಂಗಳವಾರ ಫೋರ್ಟಿಗೆ ಹೊರಡುತ್ತೇವೆ. ವಕೀಲರು ನಮ್ಮ ಕಡೆಯವರು, ಮೂಡುಬಿದಿರೆಯ ಹತ್ತಿರದವರು, ಬೋರಾ ಬಜಾರಿನಲ್ಲಿ ಎರಡನೇ ಮಹಡಿಯ ಕಚೇರಿ. ಅಪ್ಪ ತಾನೂ ಬರುತ್ತೇನೆಂದು ಇಸ್ತ್ರಿಯ ಬಿಳಿ ಅಂಗಿ ಹಾಕಿ ನಿಂತಿದ್ದಾರೆ. ಚರ್ಚ್‌ಗೇಟಿನಲ್ಲಿ ಇಳಿದಾಗ ಮಳೆ ತುಸು ಬಿಟ್ಟಿದೆ. ಓವಲ್ ಮೈದಾನದ ಆಚೆ ಹೈಕೋರ್ಟಿನ ಗೋಪುರಗಳು ಒದ್ದೆಯಾಗಿ ಕಪ್ಪಾಗಿವೆ. ಹುತಾತ್ಮ ಚೌಕ ದಾಟುವಾಗ ಅಪ್ಪ ನನ್ನ ತೋಳು ಹಿಡಿದುಕೊಳ್ಳುತ್ತಾರೆ, ಆದರೆ ದಾರಿ ತೋರಿಸುವವರು ಅವರೇ. 1963ರಲ್ಲಿ ಹದಿನಾಲ್ಕು ವರ್ಷದ ಹುಡುಗ ಇದೇ ಓಣಿಯ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತ, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಬೆಳೆದದ್ದು. "ಇದೇ ನೋಡು, ನಮ್ಮ ಹೋಟೆಲು," ಎಂದು ಮೊಬೈಲ್ ಕವರುಗಳು ತೂಗುವ ಅಂಗಡಿಯೊಂದರ ಮುಂದೆ ನಿಲ್ಲುತ್ತಾರೆ. ಮೇಲಿನ ಮಹಡಿಯ ಮರದ ಕಟಾಂಜನ ಮಾತ್ರ ಹಳೆಯದ್ದಂತೆ.

ವಕೀಲರಿಗೆ ಎಪ್ಪತ್ತು ದಾಟಿದೆ. ಕಾಗದಗಳನ್ನೆಲ್ಲ ತಾಳ್ಮೆಯಿಂದ ನೋಡುತ್ತಾರೆ. ಷೇರು ಪತ್ರದ ಮೇಲೆ ಬೆರಳಿಟ್ಟು ಅಕ್ಕನನ್ನು ಕೇಳುತ್ತಾರೆ:

"ನಾಮಿನಿ ನೀವಾ?"

"ಹೌದು."

"ಹಾಗಾದರೆ ಮನೆ ನಿಮ್ಮದು ಅಂತ ಎಣಿಸಿದ್ದೀರಾ?"

ಅಕ್ಕ ಮಾತಾಡುವುದಿಲ್ಲ. ವಕೀಲರು ಗೋಡೆಯ ಕಡೆ ಕೈ ತೋರಿಸುತ್ತಾರೆ. ಅಲ್ಲೂ ಒಂದು ಕಾಲನಿರ್ಣಯ. ಅದನ್ನು 1973ರಲ್ಲಿ ಹುಟ್ಟುಹಾಕಿದ ಜಯಂತ್ ಸಾಳಗಾಂವ್ಕರ್ 2013ರಲ್ಲಿ ತೀರಿಕೊಂಡರು. ಅವರು ಉಯಿಲು ಬರೆದಿದ್ದರು. ಹಾಗಿದ್ದೂ ಅವರ ಮ್ಯೂಚುವಲ್ ಫಂಡುಗಳಿಗೆ ನಾಮಿನಿಯಾಗಿದ್ದವರು ಅದರ ಒಡೆಯರೇ ಆಗುತ್ತಾರೋ ಎಂಬ ಪ್ರಶ್ನೆ ಮನೆಯವರ ನಡುವೆ ಎದ್ದು ಬಾಂಬೆ ಹೈಕೋರ್ಟಿಗೆ ಹೋಯಿತು. ಷೇರಿನ ನಾಮಿನಿಯೇ ಒಡೆಯ ಎಂದು ಅದೇ ಹೈಕೋರ್ಟಿನ ಹಿಂದಿನ ತೀರ್ಪೊಂದು ಹೇಳಿತ್ತು. 2016ರಲ್ಲಿ ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. 2023ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟೂ ಹೇಳಿತು: ನಾಮಿನಿ ಒಡೆಯನಲ್ಲ. ವಾರಸುದಾರರಿಗೆ ಸೇರುವ ತನಕ ಸ್ವತ್ತು ಅವನ ಕೈಯಲ್ಲಿರುತ್ತದೆ, ಅಷ್ಟೆ. ವಿಮೆಯ ವಿಷಯದಲ್ಲಿ ಇದೇ ಮಾತನ್ನು 1983ರಲ್ಲೇ ಹೇಳಿದ್ದರು.

"ಫ್ಲ್ಯಾಟಿಗೂ ಹಾಗೇ. ಮಹಾರಾಷ್ಟ್ರದ ಸಹಕಾರಿ ಕಾಯ್ದೆಗೆ 2019ರಲ್ಲಿ ಸೇರಿಸಿದ ಕಲಂ ಉಂಟು. ಅದರಂತೆ ನಾಮಿನಿಯನ್ನು ಸೊಸೈಟಿ ತಾತ್ಕಾಲಿಕ ಸದಸ್ಯ ಅಂತ ಮಾತ್ರ ಮಾಡಿಕೊಳ್ಳಬಹುದು. ವಾರಸುದಾರರು ಯಾರು ಅಂತ ತೀರ್ಮಾನವಾಗುವ ತನಕ."

"ವಾರಸುದಾರರು ನಾವು ಮೂವರೇ," ಎನ್ನುತ್ತೇನೆ ನಾನು. "ಅಪ್ಪ, ಅಕ್ಕ, ನಾನು." ತಲೆಯೊಳಗೆ ಮೂರರಲ್ಲೊಂದು ಎಂದು ಆಗಲೇ ಬರೆದುಕೊಂಡಾಗಿದೆ.

ವಕೀಲರು ಕನ್ನಡಕ ತೆಗೆಯುತ್ತಾರೆ. ಮುಂದಿನ ಪ್ರಶ್ನೆ ಅಪ್ಪನಿಗೆ.

"ಶೆಟ್ರೇ, ನಿಮ್ಮದು ಅಳಿಯಸಂತಾನ ಅಲ್ಲವಾ?"

"ಹೌದು. ಅಳಿಯಕಟ್ಟೇ."

"ಇವರ ತಾಯಿಯ ಅಮ್ಮ ಇದ್ದಾರಾ?"

ಫ್ಯಾನಿನ ಸದ್ದು ಕೇಳಿಸುತ್ತದೆ. "ಇದ್ದಾರೆ," ಎನ್ನುತ್ತಾಳೆ ಅಕ್ಕ. "ಊರಲ್ಲಿ. ತೊಂಬತ್ತೆರಡು ವರ್ಷ."

ಅವರು ಹಿಂದಿನ ಕಪಾಟಿನಿಂದ ತೆಳ್ಳಗಿನ ಪುಸ್ತಕವೊಂದನ್ನು ತೆಗೆದು, ಗುರುತಿಟ್ಟ ಪುಟ ತೆರೆದು, ನಮ್ಮ ಕಡೆ ತಿರುಗಿಸುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ಹೆಂಗಸು ತೀರಿಕೊಂಡರೆ ಅವಳ ಆಸ್ತಿ ಮೊದಲು ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಗಂಡನಿಗೆ. ಇದು ಎಲ್ಲರಿಗೂ ಅನ್ವಯಿಸುವ 15ನೇ ಕಲಂ. ಆದರೆ ಮುಂದೆ 17ನೇ ಕಲಂ ಇದೆ. ಈ ಕಾಯ್ದೆ ಬರದಿದ್ದರೆ ಮರುಮಕ್ಕತ್ತಾಯಂ ಅಥವಾ ಅಳಿಯಸಂತಾನಕ್ಕೆ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕಟ್ಟಳೆಗೆ, ಸೇರಬೇಕಿದ್ದವರಿಗೆ ಆ ಸಾಲು ಬೇರೆ ಥರ: ಮೊದಲು ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ. ಅವರು ಯಾರೂ ಇಲ್ಲದಿದ್ದರೆ ಮಾತ್ರ, ಎರಡನೆಯದಾಗಿ, ತಂದೆ ಮತ್ತು ಗಂಡ.

ನಾನು ಆ ಸಾಲನ್ನು ಎರಡು ಸಲ ಓದುತ್ತೇನೆ. ಊರು ಬಿಟ್ಟು ಅರವತ್ತು ವರ್ಷವಾಗಿದೆ. ರೇಷನ್ ಕಾರ್ಡು, ಮತದಾನ, ಮಕ್ಕಳ ಶಾಲೆ ಎಲ್ಲ ಇಲ್ಲಿಯದೇ. ಹುಟ್ಟಿನ ಕಟ್ಟಳೆ ಮಾತ್ರ ಟ್ರಂಕಿನೊಳಗೆ ಕೂತು ನಮ್ಮ ಜೊತೆಗೇ ಘಟ್ಟ ಹತ್ತಿ ಬಂದಿದೆ.

"ಅಂದರೆ..." ಎನ್ನುತ್ತಾಳೆ ಅಕ್ಕ.

"ಅಂದರೆ ಮೂರು ಪಾಲು. ನಿಮ್ಮದೊಂದು, ತಮ್ಮನದೊಂದು, ಅಜ್ಜಿಯದೊಂದು." ವಕೀಲರು ಅಪ್ಪನ ಕಡೆ ತಿರುಗುತ್ತಾರೆ. ದನಿ ತಗ್ಗುತ್ತದೆ. "ಶೆಟ್ರೇ, ನಿಮಗೆ ಇದರಲ್ಲಿ ಪಾಲಿಲ್ಲ."

ಮೂವತ್ತಾರು ವರ್ಷ ಆ ಮನೆಯ ನೀರಿನ ಟಾಕಿ ತುಂಬಿಸಿದ, ಕಂತಿನ ಚೀಟಿಗಳನ್ನು ತಂತಿಗೆ ಚುಚ್ಚಿಟ್ಟ ಮನುಷ್ಯ. ನನಗೆ ಅವರ ಮುಖ ನೋಡುವ ಧೈರ್ಯವಿಲ್ಲ. ಅಕ್ಕನ ಕೈ ಮೇಜಿನ ಅಂಚನ್ನು ಹಿಡಿದಿದೆ.

ಅಪ್ಪ ಮಾತ್ರ ತಲೆ ಆಡಿಸುತ್ತಾರೆ. "ಸರಿಯಾಗಿಯೇ ಉಂಟು," ಎನ್ನುತ್ತಾರೆ. "ನನ್ನ ಅಪ್ಪ ನಮ್ಮ ಮನೆಗೆ ಬರುತ್ತಿದ್ದದ್ದು ನೆಂಟರ ಹಾಗೆ. ರಾತ್ರಿ ಊಟಕ್ಕೆ ಬಂದು, ಬೆಳಿಗ್ಗೆ ಎದ್ದು ಅವರ ಅಮ್ಮನ ಮನೆಗೆ ಹೋಗುತ್ತಿದ್ದರು. ಮನೆ ಅಮ್ಮನದ್ದು. ಮನೆಯ ಲೆಕ್ಕ ಮಾವನದ್ದು. ಅಪ್ಪನಿಗೆ ಅದರಲ್ಲಿ ಬೇಸರ ಇದ್ದದ್ದನ್ನು ನಾನು ನೋಡಲಿಲ್ಲ."

ವಕೀಲರು ಟೀ ತರಿಸುತ್ತಾರೆ. ಅಮ್ಮ ಏನು ಮಾಡಬಹುದಿತ್ತು ಎಂದು ಅಕ್ಕ ಕೇಳುತ್ತಾಳೆ. ಈ ಉತ್ತರವನ್ನು ನಾನು ಒಂದಕ್ಷರ ಬಿಡದೆ ಇಲ್ಲಿ ಇಡುತ್ತೇನೆ, ಯಾಕೆಂದರೆ ಮುಂಬಯಿಯ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಕಪಾಟು, ಇದೇ ನಂಬಿಕೆ ಇದೆ. "ಒಂದು ಬಿಳಿ ಹಾಳೆ ಸಾಕಿತ್ತು. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಮಾಡಲೇಬೇಕೆಂದಿಲ್ಲ. ಕನ್ನಡದಲ್ಲೇ ಬರೆಯಬಹುದಿತ್ತು. ಅವರು ಸಹಿ ಹಾಕುವುದನ್ನು ಇಬ್ಬರು ಸಾಕ್ಷಿಗಳು ನೋಡಿ, ಅವರ ಮುಂದೆಯೇ ತಾವೂ ಸಹಿ ಹಾಕಬೇಕಿತ್ತು. ಅಥವಾ ಬದುಕಿದ್ದಾಗಲೇ ಗಂಡನಿಗೆ ದಾನಪತ್ರ. ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಗಂಡನಿಗೋ ಮಕ್ಕಳಿಗೋ ದಾನ ಮಾಡಿದರೆ ಮುದ್ರಾಂಕ ಶುಲ್ಕ 200 ರೂಪಾಯಿ, ಮೇಲಿನ ಸೆಸ್ ಬೇರೆ. ಈಗ ನೀವು ಮಕ್ಕಳು ಅಪ್ಪನಿಗೆ ದಾನ ಮಾಡುತ್ತೇವೆ ಅಂದರೆ ಆ ರಿಯಾಯಿತಿ ಇಲ್ಲ, ನೂರಕ್ಕೆ 3."

ಉಯಿಲಿದ್ದಿದ್ದರೂ ದಾರಿ ಪೂರ್ತಿ ಸಲೀಸಾಗಿರುತ್ತಿರಲಿಲ್ಲ. ಬ್ರಿಟಿಷರ ಕಾಲದಿಂದ ಬಾಂಬೆ ಹೈಕೋರ್ಟಿನ ಮೂಲ ವ್ಯಾಪ್ತಿಯೊಳಗಿನ ಮನೆಯ ಉಯಿಲಿಗೆ ಪ್ರೊಬೇಟ್ ಬೇಕಿತ್ತು. ಉಯಿಲು ನಿಜವೆಂದು ಕೋರ್ಟು ಮುದ್ರೆ ಒತ್ತಬೇಕು, ಅದಕ್ಕೆ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಹುಡುಕಿ ತರಬೇಕು. ಆ ವ್ಯಾಪ್ತಿ ಮುಗಿಯುವುದು ದಹಿಸರಿನಲ್ಲಿ. ಚೆಕ್ ನಾಕಾದ ಈಚೆ ಇರುವ ಅಮ್ಮನ ಮನೆಗೆ ಬೇಕಿತ್ತು. ಆಚೆ, ಠಾಣೆ ಜಿಲ್ಲೆಯ ಮೀರಾ ರೋಡಿನಲ್ಲೇ ಕೂತು ಅಲ್ಲಿನ ಮನೆಗೆ ಬರೆದ ಉಯಿಲಿಗೆ ಬೇಡವಾಗಿತ್ತು. ಒಂದು ಸ್ಟೇಷನ್ನಿನ ಅಂತರಕ್ಕೆ ವರ್ಷಗಳ ವ್ಯತ್ಯಾಸ. ನಾವು ವಕೀಲರ ಮುಂದೆ ಕೂತಿದ್ದ ದಿನ ಸ್ಥಿತಿ ಹಾಗಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು 1925ರ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮನ್ನು ತೆಗೆದುಹಾಕಿ ಆ ಕಡ್ಡಾಯವನ್ನು ಇಳಿಸಿತು.

"ಈಗ ಕೋರ್ಟಿಗೆ ಹೋಗಬೇಕಾ?" ಎಂದು ಕೇಳುತ್ತೇನೆ.

"ಜಗಳ ಇದ್ದರೆ ಹೋಗಬೇಕು. ಇಲ್ಲದಿದ್ದರೆ ವಾರಸುದಾರರೆಲ್ಲ ಸೇರಿ ಮಾಡಿದ ಕುಟುಂಬದ ಒಪ್ಪಂದವನ್ನೂ ಸೊಸೈಟಿ ಒಪ್ಪಬಹುದು ಅಂತ ಅದೇ 2019ರ ಕಲಮಿನಲ್ಲಿ ಉಂಟು. ಜಗಳ ಇದೆಯಾ?"

ಯಾರೂ ಉತ್ತರ ಕೊಡುವುದಿಲ್ಲ. "ಅಜ್ಜಿಯನ್ನು ಕೇಳಬೇಕು," ಎನ್ನುತ್ತಾಳೆ ಅಕ್ಕ ಕೊನೆಗೆ.

ವಾಪಸು ಬರುವಾಗ ಬೊರಿವಲಿ ಫಾಸ್ಟಿನಲ್ಲಿ ಅಪ್ಪನಿಗೆ ಕಿಟಕಿಯ ಸೀಟು ಸಿಗುತ್ತದೆ. ದಾದರ್, ಬಾಂದ್ರಾ, ಅಂಧೇರಿ. ನಾನು ಬಾಗಿಲ ಬಳಿ ಕಂಬ ಹಿಡಿದು ನಿಂತು ಲೆಕ್ಕ ಹಾಕುತ್ತೇನೆ. ಅಜ್ಜಿ ತನ್ನ ಪಾಲನ್ನು ಬಿಟ್ಟುಕೊಟ್ಟರೆ ಯಾರಿಗೆ? ಇಬ್ಬರಿಗೂ ಸಮ ಎಂದರೆ ಅರ್ಧ ಮನೆ ನನ್ನದು. ದೊಡ್ಡ ಮನೆ ಬಂದ ಮೇಲಿನ ಅರ್ಧ. ಅಮ್ಮ ಹೋಗಿ ಐದು ವಾರ. ಈ ಲೆಕ್ಕ ನನ್ನೊಳಗೆ ಇಷ್ಟು ಚುರುಕಾಗಿ ಓಡುತ್ತಿದೆ. ದುಃಖದ ಪಕ್ಕದಲ್ಲೇ ಇದೂ ಕೂತಿರುತ್ತದೆ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ರಾತ್ರಿ ಎಂಟು. ಫೋನನ್ನು ದೇವರ ಮಂಟಪಕ್ಕೆ ಆನಿಸಿ ಇಟ್ಟಿದ್ದಾಳೆ ಅಕ್ಕ. ಪರದೆಯ ಮೇಲೆ ಮೊದಲು ಕಾಣುವುದು ಊರಿನ ಮನೆಯ ಜಗಲಿಯ ಕೆಂಪು ನೆಲ, ಆಮೇಲೆ ದೊಡ್ಡಮ್ಮನ ಸೊಸೆಯ ಬೆರಳು, ಕೊನೆಗೆ ಅಜ್ಜಿಯ ಮುಖ. ಕಾರ್ಕಳದ ಹತ್ತಿರದ ಹಳ್ಳಿ. ಅಲ್ಲೂ ಮಳೆ. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಫೋನಿನಲ್ಲಿ ಹುರಿದ ಹಾಗೆ ಕೇಳುತ್ತದೆ.

"ಅಳಿಯನವರು ಊಟ ಮಾಡಿದರಾ?" ಅಜ್ಜಿಯ ಮೊದಲ ಮಾತು.

"ಆಯಿತು ಅತ್ತೆ," ಎಂದು ಅಪ್ಪ ಎದ್ದು ನಿಂತೇ ಹೇಳುತ್ತಾರೆ.

ಅಕ್ಕ ವಿಷಯ ತಿಳಿಸುತ್ತಾಳೆ. ಮೂರು ಪಾಲು. ಕಲಂ ಹದಿನೇಳು. ನಾಮಿನಿ. ಅಜ್ಜಿಗೆ ನಾಮಿನಿ ಎಂಬ ಶಬ್ದ ತಿಳಿಯುವುದಿಲ್ಲ. "ಹೆಸರು ನನ್ನದು ಇರುತ್ತದೆ, ಆದರೆ ಮನೆ ನನ್ನದಲ್ಲ. ಎಲ್ಲರಿಗೂ ಸೇರುವ ತನಕ ನಾನು ನೋಡಿಕೊಳ್ಳುವುದು," ಎಂದು ಅಕ್ಕ ಬಿಡಿಸಿ ಹೇಳುತ್ತಾಳೆ.

"ಓ, ಯಜಮಾನ್ತಿಕೆ," ಎನ್ನುತ್ತಾಳೆ ಅಜ್ಜಿ.

ದಿಲ್ಲಿಯ ಕೋರ್ಟು 2023ರಲ್ಲಿ ಬರೆದದ್ದನ್ನು ಅಜ್ಜಿ ಒಂದೇ ಶಬ್ದದಲ್ಲಿ ಹೇಳಿದ್ದಾಳೆ. ಅಳಿಯಸಂತಾನದ ಕುಟುಂಬದಲ್ಲಿ ಆಸ್ತಿ ಯಜಮಾನನ ಅಥವಾ ಯಜಮಾನ್ತಿಯ ಕೈಯಲ್ಲಿ ಇರುತ್ತಿತ್ತು. ಗೇಣಿ ವಸೂಲಿ, ತೀರ್ವೆ, ದೈವದ ಖರ್ಚು, ಮದುವೆ, ಬಾಣಂತನ ಎಲ್ಲ ಅವರದ್ದೇ ಜವಾಬ್ದಾರಿ. ಆಸ್ತಿ ಅವರ ಸ್ವಂತದ್ದಲ್ಲ, ಹೆಣ್ಣಿನ ಸಂತತಿಯಲ್ಲಿ ಹುಟ್ಟಿದ ಎಲ್ಲರದ್ದು. ಪಾಲು ಕೊಡಿ ಎಂದು ಯಾರೊಬ್ಬರೂ ಬಲವಂತ ಮಾಡುವ ಹಾಗಿರಲಿಲ್ಲ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದಾಗ, 1949ರಲ್ಲಿ, ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರುಗಳು, ಅಂದರೆ ಕುಟುಂಬದ ಕವಲುಗಳು, ಪಾಲು ಕೇಳಬಹುದಾಯಿತು. ಅಜ್ಜಿಗೆ ಆಗ ಹದಿನೇಳು. ಪಾಲಾದ ದಿನ ಅವಳ ದೊಡ್ಡಮ್ಮ, ಆ ಮನೆಯ ಕೊನೆಯ ಯಜಮಾನ್ತಿ, ಉಗ್ರಾಣದ ಬೀಗದ ಕೈಗಳನ್ನು ಬಾಳೆ ಎಲೆಯ ಮೇಲಿಟ್ಟು ಒಳಗೆ ಹೋದ ಕಥೆಯನ್ನು ನಾವು ರಜೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಈಗ ಅಜ್ಜಿ ಅದನ್ನು ಹೇಳುವುದಿಲ್ಲ. ಬೇರೆ ಏನನ್ನೋ ಯೋಚಿಸುತ್ತಿದ್ದಾಳೆ.

"ನನ್ನದು ಅಂತ ಒಂದು ಪಾಲು ಉಂಟು ಅಂದೆಯಲ್ಲ. ಅದು ನಾನು ಅವಳಿಗೆ ಕೊಟ್ಟ ಬಂಗಾರ. ಮಗಳಿಗೆ ಕೊಟ್ಟದ್ದು ತಾಯಿಗೆ ತಿರುಗಿ ಬರಬಾರದಿತ್ತು." ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾಳೆ. ಮಳೆಯ ಸದ್ದು. "ಅದು ನಿನಗೆ. ಹೆಣ್ಣಿನ ಕೈಯಲ್ಲಿ ಇರಲಿ." ಆಮೇಲೆ ನನ್ನ ಹೆಸರು ಹಿಡಿದು ಕರೆಯುತ್ತಾಳೆ. "ನಿನಗೆ ಬೇಜಾರಾ ಮಗಾ?"

ಹೌದು. ಎದೆಯಲ್ಲಿ ಏನೋ ಚುಚ್ಚಿದ್ದು ನಿಜ. "ಸ್ವಲ್ಪ ಆಗ್ತದೆ ಅಜ್ಜಿ," ಎನ್ನುತ್ತೇನೆ. ಸುಳ್ಳು ಹೇಳಲು ಆ ಮುಖದ ಮುಂದೆ ಆಗುವುದಿಲ್ಲ.

"ಆಗಲಿ. ನಿನ್ನ ಪಾಲು ನಿನಗುಂಟಲ್ಲ, ಅದನ್ನು ಯಾರೂ ಕೇಳುವುದಿಲ್ಲ." ಮತ್ತೆ ಒಂದು ಕ್ಷಣ ಬಿಟ್ಟು, "ಅಳಿಯನವರು ಎಲ್ಲಿ ಮಲಗುವುದು?" ಎಂದು ಕೇಳುತ್ತಾಳೆ.

ಕಾನೂನಿನ ಪುಸ್ತಕದಲ್ಲಿ, ಸೊಸೈಟಿಯ ಫಾರ್ಮಿನಲ್ಲಿ, ನನ್ನ ಲೆಕ್ಕದಲ್ಲಿ ಎಲ್ಲೂ ಬಾರದ ಪ್ರಶ್ನೆ ಅದು. ಒಪ್ಪಂದದ ಮೊದಲ ಕಲಂ ಆ ರಾತ್ರಿಯೇ ಸಿದ್ಧವಾಗುತ್ತದೆ. ಅಕ್ಕ ಹೇಳುತ್ತಾಳೆ, ನಾನು ಹಾಲಿನ ಲೆಕ್ಕದ ಹಳೆಯ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಅಪ್ಪ ಇರುವಷ್ಟು ಕಾಲ ಈ ಮನೆಯಲ್ಲಿ ಅವರ ವಾಸ. ಬಿಲ್ಡಿಂಗು ಕೆಡವಿದರೆ ಬಿಲ್ಡರು ಕೊಡುವ ಬಾಡಿಗೆ ಹಣ ಅವರಿಗೆ. ಹೊಸ ಮನೆ ಬಂದರೆ ಅದರಲ್ಲೂ ಅವರ ವಾಸ. ಅವರಿಗೆ ತಿಳಿಸದೆ ಮಾರಾಟವಿಲ್ಲ. ವಕೀಲರು ಮುಂದೆ ಅದನ್ನು ನಾಲ್ಕು ಪುಟಕ್ಕೆ ಹಿಗ್ಗಿಸಿದರು.

ಆಗಸ್ಟಿನಲ್ಲಿ ನಾನು ಮತ್ಸ್ಯಗಂಧಾ ಹತ್ತಿ ಊರಿಗೆ ಹೋಗಿ ಬಂದೆ. ನಡೆಯಲಾಗದವರ ಮುಖ್ತಿಯಾರು ಪತ್ರಕ್ಕೆ ನೋಂದಣಿ ಅಧಿಕಾರಿಯೇ ಮನೆಗೆ ಬರಬಹುದು, ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಅಜ್ಜಿ ಜಗಲಿಯಲ್ಲಿ ಕೂತು ಹೆಬ್ಬೆಟ್ಟು ಒತ್ತಿದಳು. ತನ್ನ ಪಾಲನ್ನು ಅಕ್ಕನಿಗೆ ಬಿಟ್ಟುಕೊಡುವ ಕಾಗದಕ್ಕೆ ಅವಳ ಪರವಾಗಿ ಸಹಿ ಹಾಕುವ ಅಧಿಕಾರವನ್ನು ನನಗೇ ಕೊಟ್ಟಳು. ಬೇರೆ ಯಾರಿಗಾದರೂ ಕೊಡಬಹುದಿತ್ತು. ನನಗೇ ಯಾಕೆ ಎಂದು ನಾನು ಕೇಳಲಿಲ್ಲ.

ಸೆಪ್ಟೆಂಬರ್. ಬೊರಿವಲಿಯ ಸಬ್ ರಿಜಿಸ್ಟ್ರಾರ್ ಕಚೇರಿ. ಕಿರಿದಾದ ಹಾಲಿನಲ್ಲಿ ಜನ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದಾರೆ. ಹೊಸ ಮನೆ ಕೊಂಡವರ ಕೈಯಲ್ಲಿ ಪೇಡಾದ ಪೆಟ್ಟಿಗೆ, ಏಜೆಂಟರ ಕಂಕುಳಲ್ಲಿ ಫೈಲು. ಟೋಕನ್ ನಂಬರು ಕೂಗುತ್ತಾರೆ. ಅಜ್ಜಿ ಪಾಲು ಬಿಟ್ಟುಕೊಡುವ ಕಾಗದಕ್ಕೆ ಅಕ್ಕ ಸಹಿ ಹಾಕುತ್ತಾಳೆ. ನಾನು ಅಜ್ಜಿಯ ಹೆಸರಿನ ಕೆಳಗೆ ನನ್ನ ಸಹಿ ಹಾಕುತ್ತೇನೆ. ಕ್ಯಾಮೆರಾದ ಮುಂದೆ ನಿಲ್ಲುತ್ತೇವೆ, ಗಾಜಿನ ಮೇಲೆ ಹೆಬ್ಬೆರಳು ಒತ್ತುತ್ತೇವೆ.

ಇನ್ನು ನಮ್ಮನ್ನು ಗುರುತಿಸುವವರು ಇಬ್ಬರು ಬೇಕು. ಒಬ್ಬರು ಸೆಕ್ರೆಟರಿ ಕಾಕಾ. ಇನ್ನೊಬ್ಬರಾಗಿ ಭಾವ ಬರುವುದೆಂದಿತ್ತು, ಆದರೆ ಬೆಳಿಗ್ಗೆ ಅಪ್ಪ ಅದೇ ಬಿಳಿ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದರು. ಈ ಕಾಗದದಲ್ಲಿ ಅವರಿಗೆ ಪಾಲಿಲ್ಲ, ಆದ್ದರಿಂದ ಅಡ್ಡಿಯೂ ಇಲ್ಲ ಎಂದರು ವಕೀಲರು.

ಗುಮಾಸ್ತೆ ತಲೆ ಎತ್ತದೆ ಕೇಳುತ್ತಾಳೆ. "ಕಾಕಾ, ಹ್ಯಾಂನಾ ತುಮ್ಹೀ ಓಳಖತಾ ಕಾ?" ಇವರನ್ನು ನೀವು ಬಲ್ಲಿರಾ?

ಅಪ್ಪ ಅಕ್ಕನನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ. "ಹೋ," ಎನ್ನುತ್ತಾರೆ. "ಓಳಖತೋ."

ಯಂತ್ರ ಅವರ ಹೆಬ್ಬೆರಳನ್ನು ಹಿಡಿಯುವುದಿಲ್ಲ. ಬಿಸಿನೀರಿನಲ್ಲಿ, ಒದ್ದೆ ಬಟ್ಟೆಯಲ್ಲಿ ಸವೆದ ಬೆರಳು. ಒರೆಸಿ ಇನ್ನೊಮ್ಮೆ, ಮತ್ತೊಮ್ಮೆ. ನಾಲ್ಕನೇ ಸಲ ಹಿಡಿಯುತ್ತದೆ. ಗುಮಾಸ್ತೆ ಕಾಗದ ತಿರುಗಿಸಿ ಸಹಿಯ ಜಾಗ ತೋರಿಸುತ್ತಾಳೆ.

"ಕನ್ನಡದಲ್ಲಿ ಆಗ್ತದಾ ಕೇಳು," ಎಂದು ಅಪ್ಪ ನನಗೆ ಹೇಳುತ್ತಾರೆ.

ಕೇಳುತ್ತೇನೆ. "ಚಾಲೇಲ್," ಎನ್ನುತ್ತಾಳೆ ಅವಳು. ನಡೆಯುತ್ತದೆ.

ಅಪ್ಪ ಪೆನ್ನಿನ ಮುಚ್ಚಳ ತೆಗೆದು ಹಿಂದಕ್ಕೆ ಸಿಕ್ಕಿಸಿ, ಎಡಗೈಯಿಂದ ಕಾಗದವನ್ನು ಒತ್ತಿ ಹಿಡಿದು, ಫೋರ್ಟಿನ ರಾತ್ರಿ ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ ತಮ್ಮ ಹೆಸರು ಬರೆಯಲು ತೊಡಗುತ್ತಾರೆ. ಹಿಂದಿನ ಟೋಕನ್ನಿನವರು ಗಡಿಯಾರ ನೋಡುತ್ತಾರೆ. ಅಪ್ಪ ಒಂದೊಂದು ಅಕ್ಷರಕ್ಕೂ ತಲೆಕಟ್ಟು ಬಿಡದೆ ಬರೆಯುತ್ತಾರೆ.